ಮೀಯಿಸಿದ ಕೈ

ಜನವರಿ 27, ಗುರುವಾರ

ಹಿಬಾ ಮಲಗಿದ್ದಾಳೆ. ಮಗು ಮಲಗಿದಾಗ ನೀನೂ ಮಲಗು ಎಂದು ಎಲ್ಲರೂ ಹೇಳುತ್ತಾರೆ. ಕಣ್ಣು ಮುಚ್ಚಿದರೆ ಅವಳ ಉಸಿರು ನಿಂತ ಹಾಗೆ ಅನಿಸುತ್ತದೆ. ಎದ್ದು ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ. ಅವಳು ಎಚ್ಚೆತ್ತು ಅಳುತ್ತಾಳೆ, ಅತ್ತೆ ಬೈಯುತ್ತಾರೆ. ಅದಕ್ಕಿಂತ ಬರೆಯುತ್ತಾ ಕೂರುವುದು ವಾಸಿ.

ಇವತ್ತು ಮೇಲಿನ ಮನೆಯ ಅಬ್ಲಾ ತಫೀದಾ ಊರಿಂದ ಬಂದರು. ತಂಗಿಯನ್ನು ಮಣ್ಣು ಮಾಡಿ ಬಂದಿದ್ದಾರೆ. ಮೆಟ್ಟಿಲು ಹತ್ತುತ್ತಾ ನಮ್ಮ ಬಾಗಿಲು ತಟ್ಟಿದರು. ನೆರೆಹೊರೆಗೆಲ್ಲ ಹಾಗ್ಗಾ, ಅಂದರೆ ಹಿರಿಯಮ್ಮ, ಆಗಿರುವ ಅತ್ತೆ ಚಿಲಕ ತೆಗೆಯಲಿಲ್ಲ.

"ಯಾರು?"

"ನಾನು ತಫೀದಾ, ಹಾಗ್ಗಾ. ಮಗು ನೋಡೋಣಾಂತ."

"ಎಲ್ಲಿಂದ ಬಂದ್ರಿ?"

"ಗೊತ್ತಿದ್ದೂ ಕೇಳ್ತೀರಲ್ಲ."

"ನೀವೂ ಗೊತ್ತಿದ್ದೂ ಬಾಗಿಲು ತಟ್ಟಿದ್ರಲ್ಲ ಟೀಚರಮ್ಮ." ಆಮೇಲೆ ದನಿ ತಗ್ಗಿಸಿ, "ತಂಗಿಯ ಉಳಿದ ಆಯಸ್ಸು ನಿಮಗಿರಲಿ," ಎಂದರು. ಬಾಗಿಲಿಗೆ ಹಣೆ ತಾಗಿಸಿಕೊಂಡೇ ಹೇಳಿದರು.

"ನನಗ್ಯಾಕೆ, ಆ ಮಗೂಗೆ ಕೊಡಿ. ಚಂದ್ರ ಹುಟ್ಟಲಿ, ಆಮೇಲೆ ಬರ್ತೀನಿ."

ಕಟ್ಟಳೆ ಇಷ್ಟೇ. ಹೊಸ ಚಂದ್ರ ಕಾಣುವ ತನಕ ಬಾಣಂತಿಯ ಕೋಣೆಗೆ ಮಣ್ಣಿಗೆ ಹೋಗಿ ಬಂದವರು ಕಾಲಿಡುವಂತಿಲ್ಲ, ಹಸಿ ಮಾಂಸ ಹಿಡಿದವರು ಬರುವಂತಿಲ್ಲ, ಆಗಷ್ಟೇ ಕ್ಷೌರ ಮಾಡಿಸಿಕೊಂಡ ಗಂಡಸೂ ಬರುವಂತಿಲ್ಲ. ಬಂದರೆ ಎದೆಹಾಲು ಬತ್ತುತ್ತದೆ. ಅದಕ್ಕೇ ನನ್ನ ಗಂಡ ಶೌಕಿ ಗಡ್ಡ ಬಿಟ್ಟಿದ್ದಾನೆ. ಅವನು ಕಂಡಕ್ಟರಾಗಿರುವ ಬಸ್ಸಿನಲ್ಲಿ ಜನ "ಶೇಖ್ ಸಾಹೇಬ್ರೇ, ಟಿಕೆಟ್ ಕೊಡ್ತೀರೋ, ಫತ್ವಾ ಕೊಡ್ತೀರೋ?" ಎಂದು ಕೇಳುತ್ತಾರಂತೆ.

ನಾನು ಇತಿಹಾಸದಲ್ಲಿ ಪದವಿ ಪಡೆದವಳು. ಇದನ್ನೆಲ್ಲ ನಂಬುವುದಿಲ್ಲ. ಆದರೆ ಮೊದಲ ಮಗ ವಾಇಲ್ ಹುಟ್ಟಿದಾಗ ಯಾವ ಕಟ್ಟಳೆಯನ್ನೂ ಪಾಲಿಸಿರಲಿಲ್ಲ. ಎರಡನೇ ತಿಂಗಳಿಗೆ ಹಾಲು ನಿಂತಿತು. ಡಬ್ಬಿ ಹಾಲು, ಭೇದಿ, ಆಗಸ್ಟ್ ತಿಂಗಳ ಬಿಸಿಲು. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಫೆಬ್ರವರಿ 1, ಮಂಗಳವಾರ

ಇವತ್ತು ಮನಸ್ಸು ಹಗುರಾಗಿದೆ. ಹಿಬಾ ಚೆನ್ನಾಗಿ ಕುಡಿದಳು.

ನಮ್ಮ ಅಡುಗೆಮನೆಗಳ ಕಿಟಕಿಗಳೆಲ್ಲ ತೆರೆಯುವುದು ಕಟ್ಟಡದ ನಡುವಿನ ಗಾಳಿಬಾವಿಗೆ. ಕೆಳಗಿನ ಮನೆಯ ಬೆಳ್ಳುಳ್ಳಿ ಒಗ್ಗರಣೆ ಕೊನೆಯ ಮಹಡಿಗೂ ಗೊತ್ತಾಗುತ್ತದೆ, ಜಗಳವೂ ಗೊತ್ತಾಗುತ್ತದೆ. ನಾನು ತರಕಾರಿ ಹೆಚ್ಚುತ್ತಿದ್ದಾಗ ಮೇಲಿನಿಂದ ಅಬ್ಲಾರ ದನಿ ಬಂತು.

"ಸುಹೈರ್, ಏನು ಹೆಚ್ತಾ ಇದೀಯ?"

"ಕೆಸುವಿನ ಗೆಡ್ಡೆ ಅಬ್ಲಾ."

"ಒಳ್ಳೇದು, ಸದ್ದು ಬರತ್ತೆ. ನಿಲ್ಲಿಸ್ಬೇಡ, ಹೆಚ್ಚುತ್ತಾ ಕೇಳು."

ಅವರು ಬರೆಯುವುದೇ ಹೀಗೆ. ಸಾಲು ಮೊದಲು ಬಾಯಲ್ಲಿ ಹುಟ್ಟಬೇಕು, ಯಾವುದಾದರೂ ಹೆಂಗಸು ಕೆಲಸ ಮಾಡುತ್ತಾ ಅದನ್ನು ಕೇಳಬೇಕು. ಕೇಳುವವಳ ಚಾಕು ತಡೆದರೆ ಆ ಸಾಲು ಉಳಿಯುತ್ತದೆ, ತಡೆಯದಿದ್ದರೆ ಅಳಿಯುತ್ತದೆ. ನಲವತ್ತು ವರ್ಷ ಹೀಗೆ ಕೇಳಿದವಳು ಅವರ ತಂಗಿ. ಈಗ ಆಕೆಯಿಲ್ಲ. ನಾನು ಮನೆ ಬಿಟ್ಟು ಮೇಲೆ ಹೋಗುವಂತಿಲ್ಲ, ಅವರು ಬರುವಂತಿಲ್ಲ. ಉಳಿದದ್ದು ಈ ಕಿಟಕಿ.

ಕಾಲೇಜಿನಲ್ಲಿ ಅವರ ಒಂದು ಕಥೆ ನಮಗೆ ಪಠ್ಯವಾಗಿತ್ತು. ಮದುವೆಯಾಗಿ ಶುಬ್ರಾ ಬಡಾವಣೆಯ ಈ ಕಟ್ಟಡಕ್ಕೆ ಬಂದ ವಾರವೇ, ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು ಬ್ರೆಡ್ಡಿನವನ ಜೊತೆ ಚೌಕಾಸಿ ಮಾಡುತ್ತಿದ್ದ ಮುದುಕಿಯೇ ಆ ಲೇಖಕಿಯೆಂದು ತಿಳಿದು ದಂಗಾದೆ. ಹುಡುಗಿಯರ ಶಾಲೆಯ ಹೆಡ್‌ಮಿಸ್ಸಾಗಿದ್ದವರು. ಈ ಬೀದಿಯ ಅರ್ಧ ಹೆಂಗಸರು ಅವರ ಕೈಯಲ್ಲಿ ಪೆಟ್ಟು ತಿಂದವರೇ, ಹಾಗಾಗಿ ಎಲ್ಲರಿಗೂ ಅವರು ಅಬ್ಲಾ, ಟೀಚರಕ್ಕ. ಮದುವೆಯಾಗಲಿಲ್ಲ. ಮೊದಲ ಕಥೆಗಳು ಅಣ್ಣನ ಹೆಸರಲ್ಲಿ ಅಚ್ಚಾದವಂತೆ. ಕಾಫಿ ಅಂಗಡಿಯಲ್ಲಿ ಎಲ್ಲರೂ ಅಣ್ಣನನ್ನು ಹೊಗಳುತ್ತಿದ್ದರಂತೆ.

"ಪಾಪ, ಕೊನೆಕೊನೆಗೆ ಅವನಿಗೇ ತಾನು ಬರೆದಿದ್ದು ಅನ್ನಿಸಿಬಿಡ್ತು," ಎಂದು ಇವತ್ತು ನಕ್ಕರು. "ಕಥೆ ಹಾಗೇನೇ. ಜಾಸ್ತಿ ದಿನ ಹೊತ್ತುಕೊಂಡಿದ್ರೆ ಮೈಗಂಟತ್ತೆ."

ಈಗ ಬರೆಯುತ್ತಿರುವುದು ಫಹೀಮಾ ಎಂಬವಳ ಕಥೆ. ಫಹೀಮಾ ಸತ್ತ ಹೆಂಗಸರನ್ನು ಮೀಯಿಸುವವಳು. ಅವಳ ಮಗಳು ಹೆತ್ತಿದ್ದಾಳೆ. ತಾಯಿ ಬಾಗಿಲ ಹೊರಗೆ ನಿಂತಿದ್ದಾಳೆ, ದಿನವೂ ಹೆಣ ಮುಟ್ಟುವ ಕೈ, ಒಳಗೆ ಬರುವಂತಿಲ್ಲ. ಮೂರು ವರ್ಷದಿಂದ ಅವಳು ಹೊರಗೇ ನಿಂತಿದ್ದಾಳೆ. ಒಳಗೆ ಹೋಗುತ್ತಾಳೋ ತಿರುಗಿ ನಡೆಯುತ್ತಾಳೋ ಅಬ್ಲಾಗೆ ಗೊತ್ತಿಲ್ಲ.

ಫೆಬ್ರವರಿ 4, ಶುಕ್ರವಾರ

ಅತ್ತೆಗೆ ನಮ್ಮ ಈ ಕಿಟಕಿ ಮಾತು ಇಷ್ಟವಿಲ್ಲ. ಹಳೆಯ ಸಿಟ್ಟು. ಅಬ್ಲಾರ ಒಂದು ಕಥೆಯಲ್ಲಿ ತುಪ್ಪದ ಡಬ್ಬಿಗೆ ಬೀಗ ಹಾಕಿ ಕೀಲಿಯನ್ನು ಎದೆಯೊಳಗೆ ಇಟ್ಟುಕೊಳ್ಳುವ ಅತ್ತೆಯೊಬ್ಬಳು ಬರುತ್ತಾಳೆ. ಅತ್ತೆಗೆ ಓದು ಬಾರದು. ಶೌಕಿ ಸುಮ್ಮನಿರದೆ ಓದಿ ಹೇಳಿದ. ಒಂದು ವರ್ಷ ಮಾತು ಬಿಟ್ಟಿದ್ದರಂತೆ.

ಇವತ್ತು ಅವರೇ ಕಿಟಕಿಗೆ ಬಾಯಿ ಕೊಟ್ಟರು.

"ಟೀಚರಮ್ಮ, ಬಾಣಂತಿಗೆ ಹೆಣ ತೊಳೆಯೋಳ ಕಥೆ ಹೇಳ್ತಾರೇನ್ರೀ? ಊರಲ್ಲಿ ಬೇರೆ ಯಾರೂ ಸಿಗ್ಲಿಲ್ವಾ ನಿಮ್ಗೆ?"

"ಸಿಕ್ಕಿದ್ರು. ತುಪ್ಪಕ್ಕೆ ಬೀಗ ಹಾಕೋರು. ಅದು ಆಗ್ಲೇ ಬರೆದಾಯ್ತು."

"ಆ ಬೀಗ ಇದ್ದಿದ್ದಕ್ಕೇ ನನ್ ಮಕ್ಕಳು ಬೆಳೆದಿದ್ದು. ಅದನ್ನ ಬರೆದ್ರಾ?"

ಮೇಲೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಬರೀಲಿಲ್ಲ ಹಾಗ್ಗಾ. ಬರೀಬೇಕಿತ್ತು."

ಅತ್ತೆ ಅದನ್ನು ನಿರೀಕ್ಷಿಸಿರಲಿಲ್ಲ. ನನ್ನ ಕಡೆ ತಿರುಗಿ ಸುಮ್ಮನೆ, "ಶಾಲು ಹೊದ್ಕೊಳೇ, ಗಾಳಿ," ಎಂದು ಗದರಿಸಿ ಹೋದರು.

ಆಮೇಲೆ ಅಬ್ಲಾ ಕೇಳಿದರು. "ನೀನು ಫಹೀಮಾಳ ಮಗಳು ಅಂದ್ಕೋ. ನಿಮ್ಮಮ್ಮ ಹೊರಗೆ ನಿಂತಿದಾಳೆ. ತೆಗೀತೀಯಾ?"

"ತೆಗೀತೀನಿ ಅಬ್ಲಾ, ಅದರಲ್ಲೇನಿದೆ."

"ಇದು ಪದವಿ ತಗೊಂಡ ಸುಹೈರ್ ಹೇಳಿದ್ದು. ಮಗು ತೊಡೆ ಮೇಲಿರೋ ಸುಹೈರ್‌ನ ಕೇಳಿ ಹೇಳು."

ಹಿಬಾ ತೊಡೆಯ ಮೇಲೇ ಇದ್ದಳು. ಅವಳ ಕಾಲಿನ ಮೇಲೆ ಬಟ್ಟೆ ಎಳೆದೆ. ಅಬ್ಲಾ ಒತ್ತಾಯಿಸಲಿಲ್ಲ.

ಫೆಬ್ರವರಿ 6, ಭಾನುವಾರ

ಅಬ್ಲಾಗೆ ಕೆಮ್ಮು. ಒಂದು ಸಾಲು ಹೇಳಿ, ನಿಂತು, ಉಸಿರೆಳೆದುಕೊಂಡು ಇನ್ನೊಂದು ಸಾಲು. ನಾನು ಚಾಕು ನಿಲ್ಲಿಸಿದ್ದು ಸಾಲಿಗಾಗಿ ಅಲ್ಲ, ಕೆಮ್ಮಿಗಾಗಿ. ಅವರಿಗೆ ಅದು ಗೊತ್ತಾಯಿತು. "ಮೋಸ ಮಾಡ್ಬೇಡ," ಎಂದರು.

ಫೆಬ್ರವರಿ 8, ಮಂಗಳವಾರ

ಡಾಕ್ಟರು ಬಂದಿದ್ದರು. ಹೃದಯ ಸೋತಿದೆ, ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದರಂತೆ. ಆಸ್ಪತ್ರೆಗೆ ಅಬ್ಲಾ ಒಪ್ಪಲಿಲ್ಲ. ಅಲೆಕ್ಸಾಂಡ್ರಿಯಾದಲ್ಲಿರುವ ಅಣ್ಣನ ಮಗನಿಗೆ ತಂತಿ ಹೋಗಿದೆ. ಶೌಕಿ ಸೂಪು ಕೊಟ್ಟು ಬಂದು ಬಾಗಿಲಾಚೆಯಿಂದಲೇ ಹೇಳಿದ.

"ನಿನ್ನ ಕರೀತಿದಾರೆ. ಬಂದು ಸುಮ್ನೆ ಕೂತ್ರೆ ಸಾಕಂತೆ. ಕಿಟಕಿ ತನಕ ನಡೆಯೋಕಾಗ್ತಿಲ್ಲ ಅಂದ್ರು."

ಅತ್ತೆ ಕೋಳಿಗಾಗಿ ಸಹಕಾರಿ ಅಂಗಡಿಯ ಸಾಲಿಗೆ ಹೋಗಿದ್ದರು. ತಡೆಯುವವರು ಯಾರೂ ಇರಲಿಲ್ಲ. ಶಾಲು ಹೊದ್ದೆ, ಚಪ್ಪಲಿ ಮೆಟ್ಟಿದೆ, ಚಿಲಕದ ಮೇಲೆ ಕೈಯಿಟ್ಟೆ. ಅವರು ಸ್ಮಶಾನಕ್ಕೆ ಹೋಗಿ ಬಂದವರು, ಈಗ ತಾವೇ ಹೊರಡುವಂತಿರುವವರು. ನಾನು ನಂಬುವುದಿಲ್ಲ, ನಂಬುವುದಿಲ್ಲ ಎಂದುಕೊಳ್ಳುತ್ತಾ ನಿಂತೆ. ವಾಇಲ್‌ನ ಕೊನೆಯ ದಿನ ಅವನ ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು.

ಹಿಬಾ ಅಳಲಿಲ್ಲ. ಅತ್ತಿದ್ದರೆ ಹಿಂದಿರುಗಲು ಒಂದು ಕಾರಣವಾದರೂ ಸಿಗುತ್ತಿತ್ತು. ಅವಳು ಹಾಯಾಗಿ ಮಲಗಿದ್ದಳು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದೆ.

ಕಿಟಕಿಯಿಂದ ಕೂಗಿದೆ. "ಅಬ್ಲಾ, ಚಂದ್ರ ಹುಟ್ಟೋಕೆ ಇನ್ನೇನು ಸ್ವಲ್ಪ ದಿನ. ಹುಟ್ಟಿದ ಕೂಡ್ಲೇ ಓಡಿ ಬರ್ತೀನಿ."

ಮೇಲಿನ ಮನೆಯ ಒಳಕೋಣೆಯಿಂದ ದನಿ ಬಂತು. "ಆಯ್ತು ಮಗಳೇ. ಚಂದ್ರನ್ನ ಅವಸರ ಮಾಡ್ಬೇಡ."

ಫೆಬ್ರವರಿ 10, ಗುರುವಾರ

ಮೇಲಿನ ಕಿಟಕಿ ಮುಚ್ಚಿದೆ. ಹಿಬಾ ಕುಡಿದಳು.

ಫೆಬ್ರವರಿ 11, ಶುಕ್ರವಾರ

ಅಬ್ಲಾ ಹೋದರು.

ಬೆಳಿಗ್ಗೆ ಯಾವ ಗೋಳಾಟವೂ ಕೇಳಲಿಲ್ಲ. ಗೋಳಾಡಲು ಅವರಿಗೆ ಯಾರಿದ್ದರು. ಮೆಟ್ಟಿಲ ಮೇಲೆ ಓಡಾಟ, ಪಿಸುಮಾತು. ಶೌಕಿ ಬಾಗಿಲಾಚೆ ನಿಂತು ಗಂಟಲು ಸರಿಮಾಡಿಕೊಂಡಾಗಲೇ ತಿಳಿಯಿತು. ಅತ್ತೆ ಎಲ್ಲಿ ಎಂದೆ. ತರಕಾರಿಗೆ ಹೋಗಿದ್ದಾಳೆ ಎಂದ. ಶುಕ್ರವಾರ ಅಷ್ಟು ಬೇಗ ಯಾವ ತರಕಾರಿ ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಗಾಳಿಬಾವಿಯ ಕೊಳವೆಯಲ್ಲಿ ನೀರಿಳಿಯುವ ಸದ್ದು ಶುರುವಾಯಿತು. ಪಾತ್ರೆ ತೊಳೆಯುವ ನೀರಲ್ಲ. ಸುರಿಯುವುದು, ನಿಲ್ಲುವುದು, ಮತ್ತೆ ಸುರಿಯುವುದು. ನಾನು ಕಿಟಕಿಯ ಕೆಳಗೆ ನೆಲದ ಮೇಲೆ ಕೂತು ಕೊನೆಯ ಹನಿಯವರೆಗೂ ಕೇಳಿದೆ. ಆಮೇಲೆ ಹಾಸಿಗೆಗೆ ಬಂದು ಬಿದ್ದವಳಿಗೆ, ಇಷ್ಟು ದಿನ ಬಾರದ ನಿದ್ದೆ, ಕಲ್ಲಿನ ಹಾಗೆ ಬಂತು.

ಎಚ್ಚರವಾದಾಗ ಅತ್ತೆ ಕೋಣೆಯ ನಡುವೆ ನಿಂತಿದ್ದರು. ಹಿಬಾ ಅವರ ತೋಳಲ್ಲಿದ್ದಳು. ತೋಳು ಮೊಣಕೈವರೆಗೂ ಒದ್ದೆ, ಲಂಗದ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕರ್ಪೂರದ ವಾಸನೆ.

"ಅಳ್ತಾ ಇತ್ತು," ಎಂದರು. "ಮೆಟ್ಟಿಲ ಮೇಲೆ ಕೇಳಿಸ್ತು. ನೀನು ಏಳಲೇ ಇಲ್ಲ."

ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು. ಮಗುವನ್ನು ಹಾಸಿಗೆಯ ಮೇಲಿಟ್ಟು, ಗೋಡೆಗೆ ಒರಗಿ, ಹಾಗೇ ಜಾರಿ ಕೂತರು.

ಮೀಯಿಸುವವಳು ಬೇರೆ ಊರಿಗೆ ಹೋಗಿದ್ದಳಂತೆ. ಮಧ್ಯಾಹ್ನದ ನಮಾಜಿಗೆ ಮೊದಲು ಆಗಬೇಕು. "ಗುರುತಿಲ್ಲದ ಹೆಂಗಸು ಬಂದು ಅವಳ ಮೈ ನೋಡೋದು ಬೇಡಾಂತ ಅನ್ನಿಸ್ತು," ಎಂದರು ಅತ್ತೆ. "ಮೂವತ್ತು ವರ್ಷ ಒಂದೇ ಮೆಟ್ಟಿಲು ಹತ್ತಿದೀವಿ. ಮುಗಿಸಿ ಮಗಳ ಮನೇಲಿ ಇದ್ದು, ಚಂದ್ರ ಹುಟ್ಟಿದ್ಮೇಲೆ ಬರೋಣಾಂತಿದ್ದೆ. ಅಷ್ಟರಲ್ಲಿ ಇದು ಅತ್ತಿತು."

ಅಬ್ಲಾ ಮೂರು ವರ್ಷ ಯೋಚಿಸಿದರು. ಅತ್ತೆ ಯೋಚಿಸಲೇ ಇಲ್ಲ. ಇದನ್ನು ಅಬ್ಲಾಗೆ ಹೇಳಬೇಕಿತ್ತು.

ಫೆಬ್ರವರಿ 13, ಭಾನುವಾರ

ಹಾಲು ಕಡಿಮೆಯಾಗಿದೆ. ಇಲ್ಲ. ಸರಿಯಾಗಿ ಬರೆಯಬೇಕು. ಹಾಲಿಲ್ಲ. ನಿನ್ನೆ ಬೆಳಿಗ್ಗೆಯಿಂದ ಎದೆ ಹಳೆಯ ಚೀಲದ ಹಾಗಿದೆ. ಹಿಬಾ ಎಳೆಯುತ್ತಾಳೆ, ಬಿಡುತ್ತಾಳೆ, ಮುಖ ಕೆಂಪಗೆ ಮಾಡಿಕೊಂಡು ಅಳುತ್ತಾಳೆ. ಮೆಂತ್ಯದ ನೀರು ಕುಡಿದೆ, ಮತ್ತೆ ಕುಡಿದೆ, ವಾಂತಿಯಾಗುವವರೆಗೂ ಕುಡಿದೆ. ಲೇಡಿ ಡಾಕ್ಟರು ನಿದ್ದೆ ಮಾಡು, ಅಳಬೇಡ ಎಂದರು. ಔಷಧದ ಅಂಗಡಿಯಿಂದ ಶೌಕಿ ಡಬ್ಬಿ ತಂದ. ಅದೇ ಡಬ್ಬಿ, ಅದೇ ನೀಲಿ ಬಣ್ಣ. ನನಗೆ ಅದನ್ನು ತೆರೆಯಲಾಗಲಿಲ್ಲ, ಅವನೇ ತೆರೆದ.

ಅತ್ತೆ ಒಳಗಿನ ಕೋಣೆಯಿಂದ ಹೊರಗೆ ಬಂದಿಲ್ಲ. ಊಟ ಮಾಡಿಲ್ಲ. ನನ್ನನ್ನು ಒಂದು ಮಾತು ಅಂದಿದ್ದರೂ ಚೆನ್ನಾಗಿತ್ತು.

ಫೆಬ್ರವರಿ 14, ಸೋಮವಾರ

ಅತ್ತೆ ಬೆಳಿಗ್ಗೆಯೇ ಕಪ್ಪು ಬಟ್ಟೆ ಹಾಕಿ ಗಂಟು ಕಟ್ಟಿಕೊಂಡು ಕೂತಿದ್ದರು. ಬನ್ಹಾದ ಮಗಳ ಮನೆಗೆ ಹೋಗುತ್ತಾರಂತೆ. ಶೌಕಿ ಬೇಡಿಕೊಂಡು ಸೋತು ಕೆಲಸಕ್ಕೆ ಹೋದ. ಒಲೆಯ ಮೇಲೆ ಬಾಟಲಿ ಕುದಿಯುತ್ತಿತ್ತು, ಇನ್ನೊಂದು ನನ್ನ ಕೈಜಾರಿ ಒಡೆಯಿತು. ಮಗುವನ್ನು ಸ್ವಲ್ಪ ಹಿಡಿದುಕೊಳ್ಳಿ ಎಂದೆ. ಕೈಗಳನ್ನು ಕಂಕುಳಲ್ಲಿ ಮುಚ್ಚಿಕೊಂಡರು.

"ನಾನು ಮುಟ್ಟಲ್ಲ. ಒಂದನ್ನ ಮಣ್ಣು ಮಾಡಿದೀವಿ. ಇದೂ ಹೋದ್ರೆ ನನ್ನಿಂದಲೇ ಹೋದ ಹಾಗೆ."

"ಅಮ್ಮಾ, ನಿಮ್ಮಿಂದ ಅಲ್ಲ."

"ಸುಮ್ನಿರೇ. ನಿನ್ ಓದು ನಿನ್ ಹತ್ರ ಇಟ್ಕೋ."

ಆಗ ನನ್ನ ಬಾಯಿಂದ ಬಂತು. ಮೊದಲೇ ಯೋಚಿಸಿದ್ದಲ್ಲ.

"ನಾನು ಮೇಲೆ ಹೋಗಿದ್ದೆ. ಮಂಗಳವಾರ. ನೀವು ಕೋಳಿ ಸಾಲಲ್ಲಿದ್ದಾಗ."

ಅತ್ತೆ ತಲೆಯೆತ್ತಿದರು.

"ಅಬ್ಲಾ ಕರೆದ್ರು, ಹೋದೆ. ಹಾಸಿಗೆ ಅಂಚಲ್ಲಿ ಕೂತು ಕೈ ಹಿಡ್ಕೊಂಡೆ. ಬಂದು ಹಾಗೇ ಹಾಲು ಕೊಟ್ಟೆ. ಆವತ್ತು ಸಾಯಂಕಾಲದಿಂದಾನೇ ಕಡಿಮೆ ಆಯ್ತು. ನಿಮ್ಗೆ ಹೆದರಿ ಹೇಳ್ಲಿಲ್ಲ."

ಎದ್ದು ಬಂದು ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿಲ್ಲ. ಬೈದರು. ವಾಇಲ್ ಹೋದಾಗಲೂ ಅಷ್ಟು ಬೈದಿರಲಿಲ್ಲ. "ಕತ್ತೆ, ಕಾಲೇಜಿಗೆ ಹೋದ ಕತ್ತೆ. ಚಂದ್ರ ಹುಟ್ಟೋ ತನಕ ಕಾಲು ಮಡಿಸಿ ಕೂರೋಕಾಗ್ಲಿಲ್ವಾ? ನಿನ್ನ ಹೆತ್ತವಳಿಗೆ ಏನು ಹೇಳಲಿ?" ಬೈಯುತ್ತಲೇ ಎದ್ದರು. ಬೈಯುತ್ತಲೇ ಕಪ್ಪು ಬಟ್ಟೆ ಬಿಚ್ಚಿದರು. ಒಡೆದ ಗಾಜು ಗುಡಿಸಿದರು, ಸಾಬೂನಿನಿಂದ ಕೈ ತೊಳೆದರು, ಮತ್ತೆ ತೊಳೆದರು, ಹಿಬಾಳನ್ನು ನನ್ನ ತೋಳಿಂದ ಕಿತ್ತುಕೊಂಡರು.

"ಬಾಟಲಿ ಹೀಗಾ ಕುದಿಸೋದು? ಸರಿ ಆ ಕಡೆ."

ಬಾಟಲಿಯಲ್ಲಿ ಕುಡಿಯಲೊಲ್ಲದ ಹಿಬಾ ಅವರ ಚಮಚೆಯಲ್ಲಿ ಸ್ವಲ್ಪ ಕುಡಿದಳು.

ಆಮೇಲೆ, ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಾ, ನನ್ನ ಕಡೆ ನೋಡದೆ ಕೇಳಿದರು.

"ಏನಾದ್ರೂ ಅಂದ್ಲಾ?"

"ನಿಮ್ಮನ್ನ ಕೇಳಿದ್ರು."

"ನನ್ನನ್ನಾ?"

"ತುಪ್ಪದ ಬೀಗದ ವಿಷಯ ಮತ್ತೆ ಬರೀತೀನಿ ಅಂದ್ರು. ಸರಿಯಾಗಿ ಬರೀತೀನಿ ಅಂತ."

ಅತ್ತೆ ಗೋಡೆಯ ಕಡೆ ತಿರುಗಿಕೊಂಡರು. ಬೆನ್ನು ತಟ್ಟುವ ಕೈ ನಿಲ್ಲಲಿಲ್ಲ.

ಸಂಜೆ ಶೌಕಿ ಕ್ಷೌರ ಮಾಡಿಸಿಕೊಂಡು ಬಂದ. ಚಂದ್ರ ಕಂಡಿದೆಯಂತೆ.

ಫೆಬ್ರವರಿ 18, ಶುಕ್ರವಾರ

ಹಾಲು ಬರಲಿಲ್ಲ. ಇನ್ನು ಬರುವುದೂ ಇಲ್ಲ ಎಂದು ಡಾಕ್ಟರು ಹೇಳಿದರು. ಹಿಬಾಳ ಬಟ್ಟೆಗಳನ್ನು ಬಿಸಿಲಿಗೆ ಹಿಡಿದು ಪರೀಕ್ಷಿಸುತ್ತೇನೆ, ಬಣ್ಣ, ವಾಸನೆ. ಸದ್ಯಕ್ಕೆ ಭೇದಿಯಿಲ್ಲ. ಚಳಿಗಾಲ, ನೊಣಗಳಿಲ್ಲ. ಬೇಸಿಗೆ ಬರುತ್ತದೆ.

ಅಬ್ಲಾರ ಅಣ್ಣನ ಮಗ ಮನೆ ಖಾಲಿ ಮಾಡಿಸುತ್ತಿದ್ದಾನೆ. ಕಾಗದಗಳನ್ನೆಲ್ಲ ಪೆಟ್ಟಿಗೆಗಳಲ್ಲಿ ತುಂಬಿ ಕಾರಿನ ಮೇಲೆ ಕಟ್ಟಿದ. ಫಹೀಮಾ ಬಾಗಿಲ ಹೊರಗೆ ನಿಂತುಕೊಂಡೇ ಅಲೆಕ್ಸಾಂಡ್ರಿಯಾಕ್ಕೆ ಹೋದಳು.

ಆ ಮಂಗಳವಾರ ಅಬ್ಲಾ ತೊಟ್ಟಿದ್ದು ಬೂದು ಬಣ್ಣದ ಉಣ್ಣೆಯ ಅಂಗಿ. ಮೇಜಿನ ಮೇಲೆ ಅರ್ಧ ಸುಲಿದ ಕಿತ್ತಳೆ ಇತ್ತು, ಒಣಗಿ ಅಂಚು ಮುದುರಿತ್ತು. ನಾನು ಅದನ್ನು ಸುಲಿದು ಒಂದು ತೊಳೆ ಬಾಯಿಗಿಟ್ಟೆ. ರಸ ಹೀರಿ ಸಿಪ್ಪೆಯನ್ನು ನನ್ನ ಅಂಗೈಗೆ ಉಗಿದರು, ಮಗುವಿನ ಹಾಗೆ.

ಫೆಬ್ರವರಿ 22, ಮಂಗಳವಾರ

ದಿನವೂ ಮಧ್ಯಾಹ್ನ, ಹಿಬಾ ಮಲಗಿದ ಮೇಲೆ, ಅತ್ತೆ ಆ ಮಂಗಳವಾರದ ಬಗ್ಗೆ ಕೇಳುತ್ತಾರೆ. ಅವರು ಅಕ್ಕಿ ಆರಿಸುತ್ತಿರುತ್ತಾರೆ, ಇಲ್ಲವೇ ಬಾಟಲಿ ಒರೆಸುತ್ತಿರುತ್ತಾರೆ. ನಾನು ಹೇಳುತ್ತೇನೆ. ಕಿತ್ತಳೆಯದು ಹೇಳಿ ಆಯಿತು, ತಂಗಿಯನ್ನು ನೆನೆಸಿಕೊಂಡದ್ದು ಹೇಳಿ ಆಯಿತು. ಒಂದು ಸಲ ಹೇಳಿದ್ದನ್ನು ಇನ್ನೊಂದು ಸಲ ಬದಲಿಸಬಾರದು, ಆ ಎಚ್ಚರ ಬೇಕು. ಅದಕ್ಕೇ ಇಲ್ಲಿ ಮೊದಲೇ ಬರೆದಿಟ್ಟುಕೊಳ್ಳುತ್ತೇನೆ. ನಿನ್ನೆ ಹಾಗೆ ಬರೆಯುತ್ತಾ ಕೂತವಳಿಗೆ ಮೂರು ತಾಸು ಹಿಬಾಳ ಉಸಿರು ನೋಡುವುದೇ ಮರೆತುಹೋಗಿತ್ತು.

ಇವತ್ತು ಕಾಲಿನ ವಿಷಯ ಹೇಳಿದೆ.

"ಎಡಗಾಲು ಊದಿತ್ತು ಅಮ್ಮಾ. ನೋಯ್ತಿದೆ ಅಂದ್ರು. ತೊಡೆ ಮೇಲಿಟ್ಕೊಂಡು ಎಣ್ಣೆ ಹಚ್ಚಿದೆ. ಬೆರಳು ಒಂದೊಂದಾಗಿ ಬಿಡಿಸಿ ಹಚ್ಚಿದೆ. ಹಿಮ್ಮಡಿ ಒಡೆದಿತ್ತು. ನಿನ್ನ ಕೈ ಬೆಚ್ಚಗಿದೆ ಅಂದ್ರು."

ಅತ್ತೆ ಅಕ್ಕಿಯಿಂದ ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟರು. ಇನ್ನೊಂದು ಹುಡುಕಿದರು, ಸಿಗಲಿಲ್ಲ.

"ಎರಡೂ ಊದಿತ್ತು ಕಣೇ," ಎಂದರು. "ನಾನೇ ನೀರು ಹಾಕಿದೆನಲ್ಲ. ಎರಡೂ ಕಾಲು, ಮಂಡಿವರೆಗೂ. ಹಿಮ್ಮಡಿ ಒಡೆದಿರಲಿಲ್ಲ. ಮಗುವಿನ ಹಿಮ್ಮಡಿ ಹಾಗಿತ್ತು."

ಅವರು ನನ್ನ ಮುಖ ನೋಡಲಿಲ್ಲ. ಮೊರವನ್ನು ತೊಡೆಯ ಮೇಲೆ ಸರಿಮಾಡಿಕೊಂಡರು.

"ಎರಡಕ್ಕೂ ಹಚ್ಚು," ಎಂದರು. "ಆಮೇಲೇನಂದ್ಲು, ಹೇಳು."

ನಾನು ಅಬ್ಲಾರ ಬಲಗಾಲನ್ನೂ ಎತ್ತಿ ತೊಡೆಯ ಮೇಲಿಟ್ಟುಕೊಂಡೆ.